ಮೂಲೆ ರೂಮಿನ ಕಲ್ಲಕ್ಕ

"ಗಟ್ಟಿಯಾಗಿ ಹಿಡ್ಕೋ ಬಾಲಾ. ಕಾಲ ಮೇಲೆ ಹಾಕ್ಕೊಂಡೀಯ" ಅಂದಳು ಕಲ್ಲಕ್ಕ.

ಪೆಟ್ಟಿಗೆ ಅಷ್ಟು ಭಾರ. ತುಂಬಾ ಕಲ್ಲು, ನಿಜವಾದ ಕಲ್ಲು. ಕಲ್ಲಕ್ಕ ಯೂನಿವರ್ಸಿಟಿಯಲ್ಲಿ ಓದುತ್ತಿದ್ದದ್ದೇ ಬಂಡೆ, ಮಣ್ಣು, ಖನಿಜ ಅಂತ. ಅದಕ್ಕೇ ಆ ಹೆಸರು.

ಬಾಲ ಅಂದರೆ ಹಾಸ್ಟೆಲ್ ವಾರ್ಡನ್ನಿನ ಮಗಳು, ಐದನೇ ಕ್ಲಾಸು. ಸದಾ ಅಮ್ಮನ ಹಿಂದೆ ಸುತ್ತುತ್ತಾಳೆ ಅಂತ ಹುಡುಗಿಯರು ಇಟ್ಟ ಹೆಸರದು. ಮತ್ತೇನು ಮಾಡಬೇಕು ಪಾಪ? ಅಷ್ಟು ದೊಡ್ಡ ಹಾಸ್ಟೆಲಿನಲ್ಲಿ ಅವಳ ವಯಸ್ಸಿನವರು ಒಬ್ಬರೂ ಇರಲಿಲ್ಲ.

ಇಬ್ಬರೂ ಪೆಟ್ಟಿಗೆ ಎಳೆದುಕೊಂಡು ಹೋಗುವಾಗ ಹುಡುಗಿಯರು ಕಾರಿಡಾರಿನಲ್ಲಿ ನಿಂತು ನೋಡಿದರು. ಯಾರೂ ಕೈ ಹಚ್ಚಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಕಲ್ಲಕ್ಕ ತಲೆ ಎತ್ತಲಿಲ್ಲ.

ಆಗಿದ್ದು ಇಷ್ಟು. ಕಲ್ಲಕ್ಕ ತನ್ನ ರೂಮ್‌ಮೇಟ್‌ಗೆ ನಂಬಿ ಒಂದು ಮಾತು ಹೇಳಿದ್ದಳು. ತನಗೆ ಹುಡುಗರ ಮೇಲೆ ಪ್ರೀತಿ ಬರುವುದಿಲ್ಲ, ಹುಡುಗಿಯರ ಮೇಲೇ ಬರುವುದು, ಮುಂದೆ ಬಾಳುವುದಾದರೂ ಒಬ್ಬ ಹುಡುಗಿಯ ಜೊತೆಗೇ ಅಂತ. ಬೆಳಗಾಗುವುದರೊಳಗೆ ಇಡೀ ಹಾಸ್ಟೆಲಿಗೆ ಗೊತ್ತಾಯಿತು. "ನಾನು ಅವಳ ಜೊತೆ ಇರಲ್ಲ ಮೇಡಂ" ಅಂತ ರೂಮ್‌ಮೇಟ್ ಪಟ್ಟು ಹಿಡಿದಳು.

ಹಾಸ್ಟೆಲಿನಲ್ಲಿ ಯಾರಿಗೆ ಯಾರು ಆಗದಿದ್ದರೂ ಅಮ್ಮನ ಹತ್ತಿರ ಇದ್ದದ್ದು ಒಂದೇ ಮದ್ದು, ರೂಮು ಬದಲಿಸುವುದು. ಕಲ್ಲಕ್ಕನ ಕೈಗೆ ಮೂಲೆ ರೂಮಿನ ಕೀಲಿ ಕೊಟ್ಟು, "ಇಲ್ಲಿ ಯಾರ ಕಾಟವೂ ಇಲ್ಲ ಮರಿ. ಆರಾಮಾಗಿ ಓದ್ಕೋ" ಅಂದಳು.

ನಿಜ ಹೇಳಬೇಕೆಂದರೆ ಬಾಲನಿಗೆ ಒಳಗೊಳಗೇ ಖುಷಿ. ಮೂಲೆ ರೂಮು ಇದ್ದದ್ದು ಅವರ ಮನೆಯ ಬಾಗಿಲಿಗೆ ಎದುರಾಗಿ.

ಅವತ್ತಿನಿಂದ ಸಂಜೆಯಾದರೆ ಸಾಕು, ಬಾಲನ ಠಿಕಾಣಿ ಅಲ್ಲೇ. ಕಲ್ಲಕ್ಕ ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಭೂತಗನ್ನಡಿ ಕೊಟ್ಟು ಕಲ್ಲಿನೊಳಗಿನ ಮಿಣುಕು ತೋರಿಸುತ್ತಿದ್ದಳು. "ಇದು ನಿನ್ನ ಅಜ್ಜಿಯ ಅಜ್ಜಿಗಿಂತಲೂ ಹಳೇದು, ಮರ್ಯಾದೆ ಕೊಟ್ಟು ಮಾತಾಡ್ಸು" ಅನ್ನುತ್ತಿದ್ದಳು. ಬಾಲನಿಗೆ ಜೀವನದಲ್ಲಿ ಮೊದಲ ಸಲ ಒಬ್ಬಳು ಫ್ರೆಂಡ್ ಸಿಕ್ಕಿದ್ದಳು.

ಒಂದು ಸಂಜೆ ಬಾಲ ಹೋದಾಗ ಕಲ್ಲಕ್ಕ ಖಾಲಿ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು.

"ಊಟಕ್ಕೆ ಹೋಗಲ್ವಾ ಅಕ್ಕಾ?"

"ಹೋಗ್ತೀನಿ. ಎಲ್ಲರದೂ ಮುಗೀಲಿ."

"ಅಷ್ಟೊತ್ತಿಗೆ ಎಲ್ಲಾ ಆರಿ ಹೋಗಿರುತ್ತೆ."

"ಅಭ್ಯಾಸ ಆಗಿದೆ ಬಿಡು. ನಾನು ಕೂತ್ರೆ ಪಕ್ಕದಲ್ಲಿದ್ದೋರು ಎದ್ದು ಹೋಗ್ತಾರೆ. ಇನ್ನೇನು, ಈ ಪರೀಕ್ಷೆ ಮುಗಿದ್ರೆ ಓದು ಬಿಟ್ಟು ಮನೆಗೆ ಹೋಗ್ತೀನಿ."

ಬಾಲ ಅವಳ ತಟ್ಟೆಯ ಅಂಚು ಹಿಡಿದುಕೊಂಡಳು. "ನಾನಿದೀನಲ್ಲ?"

"ಇದೀಯ ಕಂದಾ. ನೀನಿಲ್ದಿದ್ರೆ ಇಷ್ಟು ದಿನವೂ ಇರ್ತಿರ್ಲಿಲ್ಲ." ಕಲ್ಲಕ್ಕ ಅವಳ ತಲೆ ಸವರಿದಳು. "ಆದ್ರೆ ನನ್ನ ವಯಸ್ಸಿನೋರ ಜೊತೆ ಒಂದು ಮಾತಾಡ್ಬೇಕು ಅಂತ ನಂಗೂ ಆಸೆ ಆಗುತ್ತೆ."

ಬಾಲ ಮನೆಗೆ ಬಂದಳು. ಆ ಆಸೆ ಹೇಗಿರುತ್ತೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಮ್ಮನಿಗೆ ಹೇಳಿದರೆ ಕಲ್ಲಕ್ಕ ಮೂಲೆ ರೂಮು ಬಿಟ್ಟು ಹೋಗಬಹುದು. ಹೇಳದಿದ್ದರೆ ಹಾಸ್ಟೆಲನ್ನೇ ಬಿಟ್ಟು ಹೋಗುತ್ತಾಳೆ. ಕೊನೆಗೆ ಬಟ್ಟೆ ಮಡಚುತ್ತಿದ್ದ ಅಮ್ಮನ ಹತ್ತಿರ ಹೋದಳು.

"ಅಮ್ಮಾ, ಕಲ್ಲಕ್ಕ ಏನ್ ತಪ್ಪು ಮಾಡಿದ್ಲು?"

"ತಪ್ಪೇನಿಲ್ಲ. ಯಾಕೆ?"

"ಮತ್ತೆ ಅವಳನ್ನ ಯಾಕೆ ಮೂಲೆಗೆ ಹಾಕಿದೆ? ಅವಳು ಓದೇ ಬಿಟ್ಟು ಹೋಗ್ತಾಳಂತೆ."

"ಮೂಲೆಗೆ ಹಾಕ್ಲಿಲ್ಲ ಕಣೇ. ಅವಳು ನೆಮ್ಮದಿಯಾಗಿ ಇರ್ಲಿ ಅಂತ..." ಅಮ್ಮ ಮಡಚಿದ ಟವೆಲನ್ನೇ ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ ಎದ್ದು ನೇರ ಎದುರಿನ ರೂಮಿಗೆ ಹೋದಳು.

"ನಿನ್ನನ್ನ ಒಂದು ಮಾತೂ ಕೇಳ್ದೆ ಇಲ್ಲಿಗೆ ಕಳಿಸ್ಬಿಟ್ಟೆ. ನನ್ನದೇ ತಪ್ಪು" ಅಂದಳು. "ಈಗ ಕೇಳ್ತಿದೀನಿ. ನಿನಗೇನು ಬೇಕು?"

ಕಲ್ಲಕ್ಕ ಕೈಯಲ್ಲಿದ್ದ ಭೂತಗನ್ನಡಿ ಕೆಳಗಿಟ್ಟಳು. "ಎಲ್ಲರ ನಡುವೆ ಇರ್ಬೇಕು ಮೇಡಂ. ಯಾರಾದ್ರೂ ಇಷ್ಟಪಟ್ಟು ಸೇರಿಸ್ಕೊಂಡ್ರೆ."

ಕಲ್ಲಕ್ಕನನ್ನು ಯಾರು ರೂಮಿಗೆ ಸೇರಿಸ್ಕೋತೀರಿ ಅಂತ ಕೇಳುತ್ತಾ ಅಮ್ಮ ಬಾಗಿಲಿಂದ ಬಾಗಿಲಿಗೆ ಹೊರಟಳು. ಹಿಂದೆ ಬಾಲ, ಇನ್ಯಾರು. ಒಬ್ಬಳಿಗೆ ಪರೀಕ್ಷೆ. ಒಬ್ಬಳಿಗೆ ಮನೆಯಲ್ಲಿ ಕೇಳಬೇಕು. ಇನ್ನು ಯಾರಾದರೂ ಕಲ್ಲಕ್ಕನನ್ನು ಆಡಿಕೊಂಡು ನಕ್ಕರೆ ತನ್ನ ಮುಂದೆ ಬಂದು ನಿಲ್ಲಬೇಕಾಗುತ್ತೆ ಅಂತ ಅಮ್ಮ ಎಲ್ಲರಿಗೂ ಹೇಳಿದಳು.

ಕೊನೆಗೆ ಸಿಕ್ಕವಳು ಗೊರಕೆ ರಾಣಿ. ಅವಳ ಗೊರಕೆಗೆ ಹೆದರಿ ರೂಮ್‌ಮೇಟ್‌ಗಳೆಲ್ಲ ಓಡಿಹೋಗಿದ್ದರು.

"ನಂಗೇನು ಮೇಡಂ, ಬರ್ಲಿ. ನನ್ನ ಗೊರಕೆ ತಡ್ಕೋತಾಳಾ, ಅದನ್ನ ಕೇಳಿ" ಅಂದಳು. ಆಮೇಲೆ ಮೆತ್ತಗೆ, "ಅವತ್ತು ಪೆಟ್ಟಿಗೆ ಎಳೀತಿದ್ದಾಗಲೇ ಕರೀಬೇಕಿತ್ತು. ನಾಲ್ಕು ಜನ ಏನಂತಾರೋ ಅಂತ ಸುಮ್ನಿದ್ದೆ" ಅಂದಳು.

ಕಲ್ಲಕ್ಕ ಮರುದಿನವೇ ಅವಳ ರೂಮಿಗೆ ಹೋದಳು. ಮನೆಗೆ ಹೋಗುವ ಮಾತು ಮತ್ತೆ ಎತ್ತಲಿಲ್ಲ.

ಆಮೇಲೊಂದು ಸಂಜೆ ಬಾಲ ಲೆಕ್ಕದ ಪುಸ್ತಕ ಹಿಡಿದು ಅವಳನ್ನು ಹುಡುಕಿಕೊಂಡು ಹೊರಟಳು. ಕಲ್ಲಕ್ಕ ಊಟದ ಹಾಲ್‌ನಲ್ಲಿದ್ದಳು, ಗೊರಕೆ ರಾಣಿ ಮತ್ತು ಇನ್ನಿಬ್ಬರ ಜೊತೆ. ಉಳಿದ ಟೇಬಲುಗಳಲ್ಲಿ ಕೆಲವರು ಇನ್ನೂ ಓರೆಗಣ್ಣಿಂದ ನೋಡುತ್ತಿದ್ದರು. ಗೊರಕೆ ರಾಣಿ ಏನೋ ಹೇಳಿದಳು. ಕಲ್ಲಕ್ಕ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಳು.

ಬಾಲ ಬಾಗಿಲಲ್ಲೇ ನಿಂತಳು. ತುಂಬಾ ಬೇಜಾರಾಯಿತು, ಕಣ್ಣಲ್ಲಿ ನೀರೇ ಬಂತು. ಮೂಲೆ ರೂಮಿನಲ್ಲೂ ಕಲ್ಲಕ್ಕ ನಗುತ್ತಿದ್ದಳು. ಅಷ್ಟೇ ಅವಳ ನಗು ಅಂದುಕೊಂಡಿದ್ದಳು ಬಾಲ. ಇಷ್ಟು ಜೋರಾಗಿ ನಗೋಕೆ ಅವಳಿಗೆ ಬರುತ್ತೆ ಅಂತ ಗೊತ್ತೇ ಇರಲಿಲ್ಲ.

ಅಕ್ಕಾ ಅಂತ ಕರೆಯೋಣ ಅನ್ನಿಸಿತು. ಕರೆದರೆ ಬಂದೇ ಬರುತ್ತಾಳೆ, ಊಟ ಅರ್ಧಕ್ಕೆ ಬಿಟ್ಟಾದರೂ ಬರುತ್ತಾಳೆ.

ಬಾಲ ಕರೆಯಲಿಲ್ಲ. ಊಟ ಮುಗಿಸಲಿ ಅಂತ ಮೆಟ್ಟಿಲ ಮೇಲೆ ಹೋಗಿ ಕೂತಳು.