ಮೂಲಿಕೆ ಮರೆತ ಬೇಟೆಗಾರ

"ದೊಡ್ಡಮ್ಮಾ, ನಮ್ಮನೆ ಒಡೆದು ಎರಡಾಗ್ತಿದೆ. ಅದೂ ಒಂದು ಆಟಕ್ಕೋಸ್ಕರ!" ಎನ್ನುತ್ತ ಬೇಕರಿಯ ಸೊಸೆ ನಮ್ಮ ಅಂಗಡಿಯ ಸ್ಟೂಲಿನ ಮೇಲೆ ಕುಸಿದು ಕೂತಳು.

ನನ್ನ ದೊಡ್ಡಮ್ಮ ಗಡಿಯಾರ ರಿಪೇರಿ ಮಾಡುವವಳು. ಅದೇ ಅಂಗಡಿಯ ಇನ್ನೊಂದು ಮೂಲೆಯಲ್ಲಿ ನಾನು ಮೊಬೈಲು ಬಿಚ್ಚುತ್ತ ಕೂರುತ್ತೇನೆ. ಬೀದಿಯಲ್ಲಿ ಯಾರದೇನು ಕಳೆದರೂ ಜನ ಪೊಲೀಸರ ಬಳಿ ಹೋಗುವ ಮೊದಲು ಇಲ್ಲಿಗೆ ಬರುತ್ತಾರೆ.

ಈ ಸಲ ಕಳೆದದ್ದು ಒಂದು ಕಸುಬು. ಬೇಕರಿಯ ಅಣ್ಣ ತಮ್ಮ ಇಬ್ಬರೂ ಆನ್‌ಲೈನಿನಲ್ಲಿ ಸಾಹಸದ ಆಟವೊಂದನ್ನು ಆಡುತ್ತಿದ್ದರು. ಅಣ್ಣ, ಅಂದರೆ ಈ ಸೊಸೆಯ ಗಂಡ, ಆಡುತ್ತಿದ್ದುದು ಬೇಟೆಗಾರನ ಪಾತ್ರ. ಆ ಆಟದ ಹುಚ್ಚು ನನಗೂ ಇದ್ದುದರಿಂದ ದೊಡ್ಡಮ್ಮನಿಗೆ ನಿಯಮ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಮೂಲಿಕೆ ಕೀಳುವುದು, ಗಣಿ ಅಗೆಯುವುದು, ಚರ್ಮ ಸುಲಿಯುವುದು ಎಂಬ ಮೂರು ಕಸುಬುಗಳಲ್ಲಿ ಒಂದು ಪಾತ್ರಕ್ಕೆ ಎರಡೇ ದಕ್ಕುತ್ತವೆ. ಮೂರನೆಯದನ್ನು ಕಲಿತರೆ ಹಳೆಯದೊಂದು ಮರೆತೇ ಹೋಗುತ್ತದೆ. ಅದರಲ್ಲಿ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಣ್ಣ ವರ್ಷಗಟ್ಟಲೆ ಬೆಳೆಸಿದ್ದು ಮೂಲಿಕೆ ಮತ್ತು ಚರ್ಮ. ಕೆಲಸದ ಗಲಾಟೆಯಲ್ಲಿ ಒಂದು ವಾರ ಆಟ ತೆರೆದಿರಲಿಲ್ಲ. ತೆರೆದಾಗ ಮೂಲಿಕೆ ಮಾಯವಾಗಿ ಅದರ ಜಾಗದಲ್ಲಿ ಗಣಿ ಕೂತಿತ್ತು.

"ಇವರಿಗೆ ತಮ್ಮನ ಮೇಲೇ ಅನುಮಾನ," ಎಂದಳು ಸೊಸೆ. "'ನನ್ನ ಕವಚಕ್ಕೆ ಅದಿರು ಬೇಕು, ನೀನು ಗಣಿ ಕಲಿ' ಅಂತ ಅವನು ಇವರ ತಲೆ ತಿಂತಿದ್ದ. ಕಳ್ಳ ಅಂದ್ಬಿಟ್ರು. ಅವನು ಶನಿವಾರ ಬೇರೆ ಮನೆಗೆ ಹೋಗ್ತಾನಂತೆ. ಓವನ್ ನೋಡೋನು ಅವನು, ವ್ಯಾಪಾರ ನೋಡೋರು ಇವರು. ಅವನು ಹೋದ್ರೆ ಬೇಕರಿ ಮುಚ್ಚಿದ ಹಾಗೇ."

"ಕಂಪ್ಯೂಟರ್ ಮುಂದೆ ಯಾರು ಬೇಕಾದ್ರೂ ಕೂರಬಹುದಾ?" ಎಂದು ಕೇಳಿದಳು ದೊಡ್ಡಮ್ಮ.

"ಮನೇದಲ್ವಾ? ಮುಟ್ಟಿದ್ರೆ ಸಾಕು, ಆಟ ತೆರ್ಕೊಳ್ಳುತ್ತೆ."

"ಹಾಗಾದ್ರೆ ನೀನೇ ಯಾಕೆ ಮಾಡಿರಬಾರದು?"

"ನಾನಾಗಿದ್ರೆ ಒಂದು ಕಸುಬು ಯಾಕೆ, ಇಡೀ ಆಟಾನೇ ಅಳಿಸಿಬಿಡ್ತಿದ್ದೆ!"

ದೊಡ್ಡಮ್ಮ ನಕ್ಕು, ಭೂತಗನ್ನಡಿ ಕೆಳಗಿಟ್ಟು ಎದ್ದಳು. ತಮ್ಮನದೇ ಕೆಲಸ ಎಂದು ನಾನು ದಾರಿಯುದ್ದಕ್ಕೂ ವಾದಿಸಿದೆ. "ಆತುರಗಾರನಿಗೆ ಬುದ್ಧಿ ಮಟ್ಟ," ಎಂದಷ್ಟೇ ಹೇಳಿದಳು.

ಬೇಕರಿಯ ಹಿಂದೆಯೇ ಮನೆ. ಅಣ್ಣ ತಮ್ಮ ಎಣ್ಣೆ ಸೀಗೆಕಾಯಿಯಂತೆ ಕೋಣೆಯ ಎರಡು ತುದಿಯಲ್ಲಿ ಕೂತಿದ್ದರು. ಅವರ ತಾಯಿ ಮೇಜಿನ ಬಳಿ ಹಸಿ ಬಟಾಣಿ ಸುಲಿಯುತ್ತಿದ್ದರು. ಕೇಕುಗಳ ಮೇಲೆ ಕ್ರೀಮಿನ ಹೂವು ಬಿಡಿಸುವುದು ಆಕೆಯ ಕೆಲಸ. ಅದರಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ.

ನಾನು ಆಟ ತೆರೆದೆ. "ಬೇಟೆಗಾರನ ಚೀಲ ತೋರಿಸು," ಎಂದಳು ದೊಡ್ಡಮ್ಮ. ಚೀಲದ ತುಂಬ ತಾಮ್ರದ ಅದಿರು. ಹೊಸದಾಗಿ ತುಂಬಿದ್ದು ಅದೊಂದೇ. ಒಂದು ತುಂಡು ಚರ್ಮವೂ ಇರಲಿಲ್ಲ.

"ಇದು ಎಲ್ಲಿ ಸಿಗುತ್ತೆ?"

"ಆಟದ ಊರಬಾಗಿಲ ಪಕ್ಕದ ಬಂಡೆಗಳಲ್ಲಿ ಮಾತ್ರ. ಬಾಗಿಲು ದಾಟಿದ್ರೆ ತೋಳಗಳ ಕಾಟ. ಅಲ್ನೋಡಿ, ಮಿಣಮಿಣ ಅಂತಿದೆಯಲ್ಲ."

"ಮೂಲಿಕೆ?"

ಹುಲ್ಲಿನ ನಡುವೆ ಇದ್ದ ಗಿಡವನ್ನು ಬೆರಳಿಟ್ಟು ತೋರಿಸಬೇಕಾಯಿತು. ಆಗ ಮೇಜಿನಿಂದ ಚಮಚವೊಂದು ಬಿತ್ತು. ತಾಯಿ ತಟ್ಟನೆ ಬಗ್ಗಿ ಎತ್ತಿಕೊಂಡರು. ದೊಡ್ಡಮ್ಮ ಸುಮ್ಮನೆ ನೋಡಿ, "ಮಧ್ಯಾಹ್ನ ಮನೇಲಿ ಯಾರ್ಯಾರು ಇರ್ತೀರಿ?" ಎಂದು ಕೇಳಿದಳು. ನಸುಕಿಗೇ ಎದ್ದು ಹಿಟ್ಟು ನಾದುವ ಅಣ್ಣ ತಮ್ಮ ಆ ಹೊತ್ತಿಗೆ ಮಲಗುತ್ತಿದ್ದರು, ಸೊಸೆ ಅಂಗಡಿಯಲ್ಲಿರುತ್ತಿದ್ದಳು.

ದೊಡ್ಡಮ್ಮ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದಳು.

"ಮೊದಲೇ ಹೇಳ್ತೀನಿ, ಇಲ್ಲಿ ಕಳ್ಳರು ಯಾರೂ ಇಲ್ಲ. ತಮ್ಮನ ಕೆಲಸ ಆಗಿದ್ರೆ ಅದಿರು ಅವನ ಚೀಲಕ್ಕೆ ಹೋಗ್ಬೇಕಿತ್ತು. ಎಲ್ಲಾ ಇಲ್ಲೇ ಬಿದ್ದಿದೆ. ಆಡಿದ್ದು ಬೇಟೆಗಾರನ ಪಾತ್ರದಲ್ಲಿ, ಆದ್ರೆ ಒಂದು ಮೊಲಾನೂ ಸತ್ತಿಲ್ಲ. ಊರಬಾಗಿಲು ಬಿಟ್ಟು ಆಚೆ ಕಾಲಿಟ್ಟಿಲ್ಲ. ಅಂದ್ರೆ ತೋಳಕ್ಕೆ ಹೆದರೋರು, ಕೊಲ್ಲೋಕೆ ಮನಸ್ಸು ಬಾರದೋರು, ಬರೀ ಆಯ್ಕೊಳ್ಳೋ ಖುಷಿಗೆ ಆಯ್ಕೊಂಡೋರು."

"ಆಯ್ಕೊಳ್ಳೋಕೆ ಮೂಲಿಕೆ ಇತ್ತಲ್ಲ?" ಎಂದ ಅಣ್ಣ.

"ಕಾಣಲಿಲ್ಲಪ್ಪ, ಅದಕ್ಕೇ." ದೊಡ್ಡಮ್ಮ ಸಿಪ್ಪೆಯ ರಾಶಿ ಕೆದಕಿದಳು. ಅದರಲ್ಲಿ ಅಲ್ಲಲ್ಲಿ ಕಾಳುಗಳು ಉಳಿದುಬಿಟ್ಟಿದ್ದವು. "ಹಸಿರಿನೊಳಗಿನ ಹಸಿರು ಈ ಕಣ್ಣಿಗೆ ತಿಳಿಯಲ್ಲ. ಆದ್ರೆ ಹೊಳೆಯೋ ಚಮಚ ತಕ್ಷಣ ಸಿಕ್ತು. ಬಂಡೆ ಮೇಲಿನ ಅದಿರೂ ಹೊಳೆಯುತ್ತೆ."

ಎಲ್ಲರೂ ತಾಯಿಯ ಕಡೆ ತಿರುಗಿದರು. ಆಕೆ ಕೈಯಲ್ಲಿದ್ದ ಬಟಾಣಿಯನ್ನು ಮೆಲ್ಲಗೆ ಕೆಳಗಿಟ್ಟರು.

"ನೀನು ಆಡೋದು ನೋಡಿ ನೋಡಿ ನಂಗೂ ಆಸೆ ಆಯ್ತು ಮಗಾ. ಗಿಡ ಹುಡುಕಿದ್ರೆ ಎಲ್ಲಾ ಮಬ್ಬು. ಗುದ್ದಲಿ ಹಿಡ್ಕೊಂಡಿದ್ದ ಮುದುಕ 'ಗಣಿ ಕಲೀತೀಯಾ?' ಅಂತ ಕೇಳ್ದ, ಒತ್ತಿದೆ. ಕೆಳಗೆ ಸಣ್ಣಕ್ಷರದಲ್ಲಿ ಏನೋ ಇತ್ತು, ಓದೋಕಾಗ್ಲಿಲ್ಲ. ನಿನ್ನ ಚೀಲಕ್ಕೆ ನಾಲ್ಕು ಕಲ್ಲು ಹೆಚ್ಚಾದ್ರೆ ಒಳ್ಳೇದೇ ಅಂದ್ಕೊಂಡೆ."

"ಜಗಳ ಆದಾಗ ಯಾಕಮ್ಮ ಹೇಳ್ಲಿಲ್ಲ?"

"ಕಣ್ಣಿನ ವಿಷಯ ತಿಳಿದ್ರೆ ಕೇಕಿನ ಕೆಲಸ ಬಿಡಿಸ್ತೀರಿ ಅಂತ ಭಯ. ಇವತ್ತು ಸರಿಹೋಗ್ತೀರಿ, ನಾಳೆ ಸರಿಹೋಗ್ತೀರಿ ಅಂತ ಕಾದೆ."

ಅಣ್ಣ ಎದ್ದು ತಮ್ಮನ ಮುಂದೆ ನಿಂತ. "ನಿನ್ನ ಕಳ್ಳ ಅಂದ್ಬಿಟ್ಟೆ ಕಣೋ. ತಪ್ಪಾಯ್ತು."

ತಮ್ಮ ಮೂಗು ಒರೆಸಿಕೊಂಡ. "ಶನಿವಾರಕ್ಕೆ ಗಾಡಿ ಹೇಳಿದ್ದೀನಿ. ಅದ್ರಲ್ಲೇ ಅಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗೋಣ."

"ಸಾಮಾನಿನ ಗಾಡೀಲಾ?" ಎಂದಳು ಸೊಸೆ. ಅಳುತ್ತಿದ್ದ ತಾಯಿಯೂ ನಕ್ಕುಬಿಟ್ಟರು. ನನಗಂತೂ ಎದೆಯ ಮೇಲಿನ ಚಪ್ಪಡಿ ಇಳಿದಂತಾಯಿತು.

ವೈದ್ಯರು ನೋಡಿ, ಬರೀ ಪೊರೆ, ಗಾಬರಿಯೇನಿಲ್ಲ ಎಂದರು. ಶಸ್ತ್ರಚಿಕಿತ್ಸೆಯ ನಂತರ ನಾವು ನೋಡಲು ಹೋದಾಗ ಬೇಕರಿಯಿಂದ ಬಿಸಿ ಬ್ರೆಡ್ಡಿನ ವಾಸನೆ ಎಂದಿನಂತೆ ಬೀದಿಗೆ ಬರುತ್ತಿತ್ತು. ಅಣ್ಣ ಗಣಿ ಬಿಟ್ಟು ಮೂಲಿಕೆ ಕಸುಬನ್ನು ಮೊದಲ ಗಿಡದಿಂದ ಮತ್ತೆ ಶುರು ಮಾಡಿದ್ದ. ಪರದೆಗೆ ಮೂಗು ತಾಗಿಸಿಕೊಂಡು ಗಿಡ ಹುಡುಕುತ್ತಿದ್ದ.

ಹಿಂದೆ ಕೂತಿದ್ದ ತಾಯಿ ಅವನ ಬೆನ್ನಿಗೊಂದು ಗುದ್ದು ಕೊಟ್ಟರು.

"ಎಡಗಡೆ, ಬೇಲಿ ಪಕ್ಕ! ಕಣ್ಣು ಕಾಣಿಸಲ್ವೇನೋ ನಿಂಗೆ?"