ಬಳೆಯಿಲ್ಲದ ಮಣ್ಣಿನ ಕೈ

"ಈ ಕೈ ಯಾರದ್ರೀ?"

ಚೀಲದಲ್ಲಿ ತುಂಬಿದ್ದ ಹುಲ್ಲಿನ ನಡುವಿನಿಂದ ಮಣ್ಣಿನ ಕೈಯೊಂದನ್ನು ಎತ್ತಿ ಹಿಡಿದು ಕುಂದಾ ಕೇಳಿದಳು. ಅದನ್ನು ಮಾಡಿ ತಂದ ಖಾನಾಪುರದ ಕುಂಬಾರ ಭರಮಣ್ಣ ತಲೆ ತಗ್ಗಿಸಿ ನಿಂತಿದ್ದ.

ಅದು ಎಪ್ಪತ್ತೆಂಟರ ಡಿಸೆಂಬರ್. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಚರ್ಚಿನ ಮದುವೆಗಳ ಕಾಲ. ಹೆಣ್ಣುಮಕ್ಕಳು ಮಣಿಕಟ್ಟಿಗೆ ಪುಟ್ಟ ಹೂಗೊಂಚಲು ಕಟ್ಟಿಕೊಳ್ಳುತ್ತಿದ್ದರು. ಅದಕ್ಕೆ ಕೊರ್ಸಾಜ್ ಎಂದು ಹೆಸರು.

"ಅವರವರು ಹೇಳಿದಂಗ ಮಾಡಿಕೊಡ್ತೀವಿ ಅಂತ ಗಾಜಿನ ಕಪಾಟಿನ್ಯಾಗ ತೋರಸೂಣು" ಎಂದು ಹೂವಿನಂಗಡಿಯ ತ್ರ್ಯಂಬಕ ಕಾಕಾ ಈ ಮಣ್ಣಿನ ಕೈಗಳನ್ನು ಮಾಡಿಸಿದ್ದರು. ಒಳಗೆಲ್ಲ ಪೊಳ್ಳು. ನೀರು ತುಂಬಿಟ್ಟರೆ ತಂಪಿಗೆ ಮೇಲಿನ ಹೂ ಬೇಗ ಬಾಡುವುದಿಲ್ಲ.

ಅಳತೆಗೆಂದು ಭರಮಣ್ಣ ದಾರ ಸುತ್ತಿದ್ದು ಅಂಗಡಿಯಲ್ಲಿ ಹೂ ಕಟ್ಟುವ ಕುಂದಾಳ ಕೈಗೇ. ಗಂಡ ತೀರಿಕೊಂಡ ಮೇಲೆ ಯಾರೂ ಮುಟ್ಟದ ಕೈ. ಆ ಸಂಜೆ ಮನೆಗೆ ಹೋಗಿ ಎಷ್ಟೋ ಹೊತ್ತು ಅದನ್ನೇ ನೋಡಿಕೊಂಡಿದ್ದಳು, ಪಾಪ.

ಈಗ ನೋಡಿದರೆ... ಉಳಿದ ಕೈಗಳಿಗೆಲ್ಲ ಮಣ್ಣಿನ ಬಳೆಗಳಿವೆ. ಇದೊಂದಕ್ಕೆ ಮಾತ್ರ ಇಲ್ಲ. ಕಿರುಬೆರಳೂ ಅವಳದರಂತೆಯೇ ಸೊಟ್ಟ!

"ನಾ ವಿಧವಾ ಅಂತ ಇಡೀ ಕ್ಯಾಂಪಿಗೆ ಗೊತ್ತೈತ್ರಿ. ಗಾಜಿನ್ಯಾಗ ಇಟ್ಟು ತೋರಸೂದು ಬೇಕಾಗಿತ್ತೇನು?"

ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಈ ಪುಣ್ಯಾತ್ಮನಿಗೆ ಮಾತಾಡುವುದೇ ಒಗ್ಗದು. ಪಕ್ಕದಲ್ಲೇ ನಿಂತಿದ್ದ ಕಾಕಾನ ಮುಖವನ್ನೊಮ್ಮೆ ನೋಡಿದ, ಚೀಲ ಹೆಗಲಿಗೇರಿಸಿ ಖಾನಾಪುರದ ಬಸ್ಸಿಗೆ ಹೊರಟುಬಿಟ್ಟ.

ಕಣ್ಣೊರೆಸಿಕೊಳ್ಳುತ್ತಲೇ ಕುಂದಾ ಕಪಾಟು ಜೋಡಿಸಿದಳು. ಬಳೆಯಿದ್ದ ಕೈಗಳಿಗೆ ಗುಲಾಬಿ, ಶೇವಂತಿಗೆ, ಬಿಳಿ ರಿಬ್ಬನ್ನು. ಬರಿಗೈಯನ್ನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿಸಿ ಇಟ್ಟಳು.

'ಅವನೊಬ್ಬನಾದರೂ ಬೇರೆ ಅಂದುಕೊಂಡಿದ್ದೆ... ಅವನೂ ಎಲ್ಲರಂತೆಯೇ.'

ಮುಂದಿನ ವಾರ ಕಾಕಾ ಊಟಕ್ಕೆ ಹೋಗಿದ್ದಾಗ ಭರಮಣ್ಣ ಬಂದ.

"ಆ ಕೈ ಕೊಡ್ರಿ. ಒಡದು ಹಾಕ್ತೀನಿ."

"ಮದಲ ಹೇಳ್ರಿ. ಯಾಕ ಹಂಗ ಮಾಡಿದ್ರಿ?"

ಅವನು ಮೂಲೆಯಲ್ಲಿದ್ದ ಮಣ್ಣಿನ ಕೈಯನ್ನು ಮೆಲ್ಲಗೆ ಈಚೆ ತಿರುಗಿಸಿದ.

"ಉಳಿದ ಕೈ ಯಾರವೂ ಅಲ್ರಿ, ಬಳಿ ಇಟ್ಟೆ. ಇದು ನಿಮ್ಮದು. ನಿಮ್ಮನ್ನ ಕೇಳದ ನಾ ಹ್ಯಾಂಗ ಬಳಿ ತೊಡಸ್ಲಿ?"

ಕುಂದಾ ತನ್ನ ಬರಿಗೈ ನೋಡಿಕೊಂಡಳು. ಗಂಡ ಹೋದ ದಿನ ಬಳೆ ಒಡೆಯುವಾಗ ಅವಳನ್ನು ಯಾರೂ ಕೇಳಿರಲಿಲ್ಲ. ಅತ್ತೆ ಕೇಳಲಿಲ್ಲ, ಹೆತ್ತ ತಾಯಿಯೂ ಕೇಳಲಿಲ್ಲ.

"ಅವತ್ತ ಹೇಳಬಾರದಿತ್ತೇನ್ರಿ?"

"ಕಾಕಾನ ಮುಂದ ಹೇಳಿದ್ರ ನಿಮ್ಮ ಹೆಸರು ಮಂದಿ ಬಾಯಾಗ ಬೀಳ್ತಿತ್ರಿ. ನಿಮ್ಮ ಮ್ಯಾಲ ಜೀವ ಐತಿ ನಂದು. ಅದಕ್ಕ ಸುಮ್ನಾದೆ."

ಅವಳ ಕಣ್ಣುಗಳು ತುಂಬಿ ಹರಿದವು. ಒರೆಸಿಕೊಳ್ಳಲಿಲ್ಲ.

"ಈಗ ಯಾರೂ ಇಲ್ಲ... ಕೇಳ್ರಿ."

"ಬಳಿ ತೊಡಸ್ಲೇನ್ರಿ?"

ಕುಂದಾ ಮೆಲ್ಲಗೆ ಅಡ್ಡಡ್ಡ ತಲೆಯಾಡಿಸಿದಳು. "ಈಗ ಬ್ಯಾಡ್ರಿ. ಅವರ ನೆನಪು ಇನ್ನೂ ಹಸಿ ಐತಿ. ನಿಮಗ ಕಾಯಾಕ ಆಗತೈತೇನು?"

"ಮಣ್ಣಿನ ಕೆಲಸದಾವ್ರಿ ನಾ. ಹಸಿ ಇದ್ದದ್ದು ಆರೂತನಕ ಕಾಯೂದ ನನ್ನ ಕಸುಬು."

ಕುಂದಾ ಮೇಜಿನ ಮೇಲಿದ್ದ ಶೇವಂತಿಗೆಯ ಗೊಂಚಲನ್ನು ಅವನಿಗೆ ಕೊಟ್ಟು, ತನ್ನದೇ ಸೊಟ್ಟ ಬೆರಳಿನ ಬರಿಗೈಯನ್ನು ಮುಂದೆ ಚಾಚಿದಳು.

"ಇವತ್ತ ಹೂವ ಕಟ್ರಿ."

ಮಣ್ಣು ಮೆತ್ತಿದ ಬೆರಳುಗಳಿಗೆ ರಿಬ್ಬನ್ನಿನ ಗಂಟು ಒಲಿಯಲೇ ಇಲ್ಲ. ಕೊನೆಗೂ ಹೇಗೋ ಬಿಗಿದ.

"ಭಾಳ ಬಿಗಿ ಆತೇನ್ರಿ?"

"ಆಗೇತ್ರಿ... ಸಡ್ಲ ಮಾಡಬ್ಯಾಡ್ರಿ."