ಅಡಗಿಸಿಟ್ಟ ನಗು

ದಂತವೈದ್ಯೆ ನಕ್ಕಳು. ಅದರಲ್ಲಿ ವಿಶೇಷವೇನಿಲ್ಲ; ಹಲ್ಲಿನ ಡಾಕ್ಟರೇ ಬಾಯಿ ಬಿಟ್ಟು ನಗದಿದ್ದರೆ ಇನ್ಯಾರು ನಗಬೇಕು. ಆದರೆ ಎದುರಿಗೆ ಕೂತಿದ್ದ ಅವನೂ ನಕ್ಕ. ಸದ್ದು ಬರಲಿಲ್ಲ, ಭುಜ ಮಾತ್ರ ಎರಡು ಸಲ ಕುಲುಕಿತು.

ಅವನ ಬೆನ್ನ ಹಿಂದೆ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದವಳು ಅದನ್ನು ಕಂಡಳು. ಎರಡು ವರ್ಷಗಳಿಂದ ದಿನವೂ ನೋಡುತ್ತಿದ್ದ ಭುಜ ಅದು. ಒಂದು ದಿನವೂ ಕುಲುಕಿರಲಿಲ್ಲ. ಬೆರಳು ರೂಢಿಯಂತೆ ಗುಂಡಿ ಒತ್ತಿತು.

ಏನು ಹೇಳಿದ ಅವನು? ಕೆಳಗಿನ ರಸ್ತೆಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಸರಿಯುತ್ತ ಕೀಂ ಕೀಂ ಎನ್ನುತ್ತಿತ್ತು. ಅದರ ಗಲಾಟೆಯಲ್ಲಿ ಮಾತು ಮುಳುಗಿಹೋಯಿತು, ನಗು ಮಾತ್ರ ಉಳಿಯಿತು.

ಜನ ಆನ್‌ಲೈನ್‌ನಲ್ಲಿ ತಮ್ಮನ್ನು ಹೇಗೆ ತೋರಿಸಿಕೊಳ್ಳಬೇಕೋ ಅದನ್ನು ತಿದ್ದಿಕೊಡುವುದು ಅವರಿಬ್ಬರ ಕಸುಬು. ಪ್ರೊಫೈಲ್‌ಗೆ ಬೇಕಾದ ನಾಲ್ಕು ಸಾಲು ಅವನು ಬರೆಯುತ್ತಿದ್ದ, ಫೋಟೋ ಅವಳು ತೆಗೆಯುತ್ತಿದ್ದಳು. ಕನ್ನಡಕದ ಅಂಗಡಿಯ ಮೇಲಿನ ಒಂದೇ ಕೋಣೆ. ಕಿಟಕಿಯ ಬಳಿ ಬಂದವರ ಕುರ್ಚಿ, ಅದಕ್ಕೆದುರಾಗಿ ಅವನ ಕುರ್ಚಿ, ಅವನ ಎಡಭುಜದ ಮೇಲಿಂದ ಇಣುಕುವ ಹಾಗೆ ಅವಳ ಕ್ಯಾಮೆರಾ. ಗಲ್ಲ ಎತ್ತಿ, ಸ್ವಲ್ಪ ನಗಿ ಎಂದೆಲ್ಲ ಇಲ್ಲಿ ಯಾರೂ ಹೇಳುತ್ತಿರಲಿಲ್ಲ. ಅವನು ಒಂದು ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದ. ಅವರು ಉತ್ತರ ಕೊಟ್ಟ ಮೇಲೂ ಸುಮ್ಮನೇ ಇರುತ್ತಿದ್ದ. ಆ ಮೌನ ತಡೆಯಲಾರದೆ ಜನ ಇನ್ನೊಂದು ಮಾತು ಆಡುತ್ತಿದ್ದರು, ಆಡಬಾರದೆಂದುಕೊಂಡಿದ್ದ ಮಾತು. ಆಗ ಮುಖ ಸಡಿಲವಾಗುತ್ತಿತ್ತು. ಅವಳು ಫೋಟೋ ತೆಗೆಯುತ್ತಿದ್ದದ್ದು ಆಗಲೇ.

ಹೀಗೆ ಅವಳು ನೂರಾರು ಮುಖ ಅವನೆದುರು ಅರಳುವುದನ್ನು ಕಂಡಿದ್ದಳು. ಅವಳ ಪಾಲಿಗೆ ಸಿಕ್ಕಿದ್ದು ಅವನ ಕತ್ತಿನ ಹಿಂಭಾಗ. ಅದು ಅವಳಿಗೆ ಬಾಯಿಪಾಠವಾಗಿತ್ತು. ಒಂದು ಕಡೆ ಮಡಚಿಕೊಂಡೇ ಇರುವ ಕಾಲರು, ಕೂದಲಿನ ಅಂಚಿಗೆ ಒಂದು ಮಚ್ಚೆ. ಜಗತ್ತಿಗೆಲ್ಲ ಕಿವಿಗೊಡುವವನು ಅವಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಬೆಳಕು ಸಾಕಾ?"

"ಸಾಕು," ಎನ್ನುತ್ತಿದ್ದಳು. ಎರಡು ವರ್ಷದ ಸಂಭಾಷಣೆ ಅಷ್ಟೇ ಎಂದರೂ ತಪ್ಪಿಲ್ಲ.

ಅಂದು ಕೆಲಸ ಮುಗಿದ ಮೇಲೂ ದಂತವೈದ್ಯೆ ಬೇಗ ಏಳಲಿಲ್ಲ. ಹನ್ನೆರಡು ವರ್ಷ ದೊಡ್ಡದೊಂದು ಆಸ್ಪತ್ರೆಯಲ್ಲಿ ಇನ್ನೊಬ್ಬರ ಹೆಸರಿನ ಕೆಳಗೆ ದುಡಿದಿದ್ದ ಆಕೆ, ಮೂರು ವಾರದಲ್ಲಿ ಸ್ವಂತ ಕ್ಲಿನಿಕ್ ತೆರೆಯುವವಳಿದ್ದಳು.

"ಹುಡುಕಿದ್ರೆ ನಾನು ಸಿಗೋದೇ ಇಲ್ಲ ನೋಡಿ. ಸಿಕ್ರೂ ನಮ್ಮ ದೊಡ್ಡ ಡಾಕ್ಟರ ಫೋಟೋದಲ್ಲಿ, ಎಡಗಡೆ, ಅರ್ಧ ಕಿವಿ," ಎಂದಳು. ಆಮೇಲೆ ಇವಳ ಕಡೆ ತಿರುಗಿ, "ನೀವು ಅದೃಷ್ಟವಂತರು ಬಿಡಿ, ಇಂಥವರ ಜೊತೆ ಕೆಲಸ," ಎಂದು ಹುಬ್ಬು ಹಾರಿಸಿದಳು.

ಬೆಂಕಿಗೆ ತುಪ್ಪ ಸುರಿದಂತಾಯಿತು. "ಹೌದು," ಎಂದು ಇವಳು ಲೆನ್ಸ್‌ಗೆ ಮುಚ್ಚಳ ಹಾಕಿದಳು.

ಮನೆಯಲ್ಲಿ ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತಂಗಿಯ ಮುಖ ನೋಡಿಯೇ, "ಏನಂತೆ ನಿನ್ನ ಗುಮ್ಮನಗುಸುಕ?" ಎಂದಳು.

"ಅವರು ನನ್ನವರೇನಲ್ಲ."

"ಸರಿ, ಊರವರ ಗುಮ್ಮನಗುಸುಕ. ಏನಂತೆ?"

"ನಕ್ಕರು ಇವತ್ತು."

"ನಗೋದೂ ತಪ್ಪಾ ಪಾಪ?"

"ನಾನಿದ್ದಾಗ ಯಾವತ್ತೂ ನಕ್ಕಿಲ್ಲ ಕಣೇ."

"ಇವತ್ತೂ ನೀನು ಅಲ್ಲೇ ಇದ್ಯಲ್ಲೇ."

"ಇದ್ದೆ. ಹಿಂದೆ ಇದ್ದೆ."

ಅಕ್ಕ ಒಂದು ಟವೆಲ್ ಅವಳ ಕೈಗೆ ಕೊಟ್ಟಳು. "ಮಡಿಸು. ಮುಖ ಊದಿಸ್ಕೊಂಡು ಕೂತ್ರೆ ಯಾವುದೂ ಮಡಿಕೆ ಆಗಲ್ಲ."

ಪ್ರತಿ ಸಲವೂ ನಾನೂರರಷ್ಟು ಫೋಟೋ ಆಗುತ್ತಿದ್ದವು. ಅವಳು ಐದು ಆರಿಸಿ ಕಳಿಸಬೇಕು, ಆ ಐದರಲ್ಲಿ ತನ್ನ ಸಾಲುಗಳಿಗೆ ಹೊಂದುವ ಒಂದನ್ನು ಅವನು ಆರಿಸಬೇಕು. ಉಳಿದವನ್ನು ತೋರಿಸಿ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಒಬ್ಬಳೇ ಕೂತು ಫೋಟೋಗಳನ್ನು ಓಡಿಸಿದಳು. ಸಾಲು ಸಾಲು ಪುಟ್ಟ ಚೌಕಗಳ ನಡುವೆ ಆ ನಗು ದೀಪ ಹಚ್ಚಿಟ್ಟ ಹಾಗೆ ಕಂಡಿತು. ದೊಡ್ಡದು ಮಾಡಿ ನೋಡಲೂ ಮನಸ್ಸಾಗಲಿಲ್ಲ. ನಿನ್ನ ಮಾತಿಗೆ ಹುಟ್ಟಿದ ನಗುವನ್ನು ನಾನೇ ಆರಿಸಿ, ಬಣ್ಣ ತಿದ್ದಿ, ನಿನ್ನ ಕೈಗಿಡಬೇಕೇ ಎಂದು ಮನಸ್ಸಿನಲ್ಲೇ ಅವನನ್ನು ಕೇಳಿದಳು. ಅದನ್ನು ಬೇರೊಂದು ಫೋಲ್ಡರಿಗೆ ಎಳೆದು ಹಾಕಿದಳು. ಸ್ಪಷ್ಟವಾದ, ಸಭ್ಯವಾದ, ಯಾರೂ ತಪ್ಪು ಹುಡುಕಲಾಗದ ಐದು ಫೋಟೋ ಕಳಿಸಿದಳು. ಐದರಲ್ಲೂ ದಂತವೈದ್ಯೆ ಪಾಸ್‌ಪೋರ್ಟ್‌ಗೆ ಕೂತವಳಂತಿದ್ದಳು.

ಅವನು ಐದನ್ನೂ ಬಹಳ ಹೊತ್ತು ನೋಡಿದ. "ಇಷ್ಟೇನಾ?" ಎಂದ.

"ಇಷ್ಟೇ."

ಅವನು ತಲೆಯಾಡಿಸಿದ. ಅವಳ ಮಾತನ್ನು ಅವನು ನಂಬಿದ ರೀತಿ ಚುರುಕ್ಕೆಂದು ತಾಗಿತು.

ಪ್ರೊಫೈಲ್ ಆನ್‌ಲೈನ್‌ಗೆ ಏರಿತು, ಯಾರೂ ನಿಂತು ನೋಡಲಿಲ್ಲ. ಒಂದು ವಾರದಲ್ಲಿ ವಿಚಾರಿಸಿದವರು ಇಬ್ಬರು. ಅವರಲ್ಲಿ ಒಬ್ಬರು ಡಾಕ್ಟರ ಸೋದರತ್ತೆ. ಅವನು ಸಾಲುಗಳನ್ನು ತಿದ್ದಿದ, ಪೂರ್ತಿ ಅಳಿಸಿ ಮತ್ತೆ ಬರೆದ. ಫೋಟೋದ ಬಗ್ಗೆ ಒಂದು ಮಾತೂ ಆಡಲಿಲ್ಲ. "ನನ್ನ ಬರಹದಲ್ಲೇ ಏನೋ ಸತ್ತಿದೆ. ಇನ್ನೊಂದ್ಸಲ ಅವರ ಹತ್ರ ಕೂತು ಮಾತಾಡಿ ಬರ್ತೀನಿ," ಎಂದ.

ಅವಳು ಲೆಕ್ಕ ಹಾಕದೇ ಹೋದದ್ದು ಇದೇ. ಫೋಟೋ ಅಡಗಿಸಿಟ್ಟರೆ ದಂತವೈದ್ಯೆ ದೂರವಾಗುತ್ತಾಳೆ ಎಂದುಕೊಂಡಿದ್ದಳು. ಈಗ ಅವನೇ ದಿನ ಬಿಟ್ಟು ದಿನ ಅಲ್ಲಿಗೆ ಹೋಗುತ್ತಿದ್ದ. ಕ್ಯಾಮೆರಾ ಬೇಡ, ಮಾತು ಸಾಕು ಎಂದು ಒಬ್ಬನೇ ಹೋಗುತ್ತಿದ್ದ. ಒಂದು ಸಂಜೆ ತೋಳಿನ ಮೇಲೆ ಬಿಳಿ ಬಣ್ಣದ ಗೆರೆ ಹೊತ್ತು ಬಂದ.

"ಏನದು?"

"ಕ್ಲಿನಿಕ್ ಗೋಡೆಗೆ ಬಣ್ಣ ಹಚ್ತಿದಾರೆ. ತಾಗಿರ್ಬೇಕು."

"ಗೋಡೆಗೆ ಒರಗೋಷ್ಟು ಹೊತ್ತು ಮಾತಾ?"

ಅವನು ತಿರುಗಿ ನೋಡಿದ. ಅವಳು ಟ್ರೈಪಾಡಿನ ತಿರುಪು ಬಿಗಿಮಾಡುತ್ತಿದ್ದಳು. ಅದು ಆಗಲೇ ಬಿಗಿಯಾಗಿತ್ತು. ಅವನು ಏನೋ ಹೇಳಲು ಹೊರಟವನು ಸುಮ್ಮನಾದ. ಬಂದವರಿಂದೆಲ್ಲ ಮಾತು ಹೊರಡಿಸುವ ಆ ಮೌನ ಮೊದಲ ಸಲ ಅವಳ ಮೇಲೆ ಬಿತ್ತು. ಅವಳು ನೀರು ಕುಡಿಯುವ ನೆವದಲ್ಲಿ ಎದ್ದುಹೋದಳು.

ಕ್ಲಿನಿಕ್ ತೆರೆಯಲು ಐದು ದಿನ ಉಳಿದಿತ್ತು. ಮಧ್ಯಾಹ್ನ ಅವಳು ಕೋಣೆಗೆ ಬಂದಾಗ ಅವನು ತನ್ನ ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದ. ಪೆನ್ನುಗಳು, ಹಳೆಯ ನೋಟ್‌ಬುಕ್ಕುಗಳು, ಕಿವಿಗೆ ಹಾಕುವ ವಯರು.

"ಡಾಕ್ಟರಿಗೆ ಹೇಳ್ಬಿಟ್ಟೆ, ಪ್ರೊಫೈಲ್ ಕೆಲಸ ಬೇರೆ ಯಾರಿಗಾದ್ರೂ ಒಪ್ಪಿಸಿ ಅಂತ. ಈ ತಿಂಗಳು ಮುಗಿದ್ಮೇಲೆ ನಾನು ಅಣ್ಣನ ಪ್ರೆಸ್ಸಿಗೆ ಹೋಗ್ತೀನಿ, ಪ್ರೂಫ್ ನೋಡೋಕೆ."

"ಯಾಕೆ?"

"ಒಬ್ಬರ ಮಾತು ಕೇಳಿಸ್ಕೊಂಡು ಅವರನ್ನ ಅಕ್ಷರಕ್ಕೆ ಇಳಿಸೋದು ನಂಗೆ ಬರುತ್ತೆ ಅಂದ್ಕೊಂಡಿದ್ದೆ." ನೋಟ್‌ಬುಕ್ಕಿನ ಧೂಳು ಒರೆಸಿದ. "ನಾಲ್ಕು ಸಲ ಬರೆದೆ. ಅವರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದ್ರೆ ಬರಲ್ಲ ಅಂತ ಗೊತ್ತಾದ್ಮೇಲೆ ಜನರನ್ನ ಆ ಕುರ್ಚಿಲಿ ಕೂರಿಸೋದು ಮೋಸ."

ಅವನು ದಂತವೈದ್ಯೆಯ ಜೊತೆ ಹೊರಟುಹೋಗುವ ನೂರು ಚಿತ್ರ ಅವಳು ಕಲ್ಪಿಸಿಕೊಂಡಿದ್ದಳು. ಹೀಗೆ, ತನ್ನಿಂದಾಗಿ, ಒಬ್ಬನೇ ಪೆನ್ನು ಎಣಿಸಿಕೊಂಡು ಹೋಗುವುದನ್ನು ಕಲ್ಪಿಸಿಕೊಂಡಿರಲಿಲ್ಲ.

ಅವಳು ಕಂಪ್ಯೂಟರ್ ತೆರೆದಳು. ಫೋಲ್ಡರಿನಿಂದ ಆ ಫೋಟೋ ತೆಗೆದಳು. "ಇದು ಆರನೇದು. ಅವತ್ತೇ ಇತ್ತು. ನಾನೇ ಕೊಡ್ಲಿಲ್ಲ."

ಅವನು ಎದ್ದು ಬಂದು ಅವಳ ಪಕ್ಕ ನಿಂತ. ಫೋಟೋ ಪರದೆಯ ತುಂಬ ಹರಡಿತ್ತು. ಅವನು ಬಗ್ಗಿ ನೋಡಿದ.

"ಯಾಕೆ?"

"ಹೊಟ್ಟೆಕಿಚ್ಚಿಗೆ." ಅವಳು ಪರದೆಯನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ. "ನೀವು ಏನೋ ಹೇಳಿದ್ರಿ, ಅವರು ಹೀಗೆ ನಕ್ಕರು, ನೀವೂ ನಕ್ಕಿರಿ. ಆ ನಗು ನಿಮ್ಮ ಕೈಗೆ ನಾನು ಕೊಡಲ್ಲ ಅನ್ಸಿತು. ನಿಮ್ಮ ಬರಹದಲ್ಲಿ ಏನೂ ಸತ್ತಿರ್ಲಿಲ್ಲ. ಬೈಯೋದಿದ್ರೆ ಬೈದುಬಿಡಿ. ಪ್ರೆಸ್ಸಿಗೆ ಮಾತ್ರ ಹೋಗ್ಬೇಡಿ."

"ಕೊಡದೇ ಇದ್ದದ್ದು ತಪ್ಪು," ಎಂದ. ದನಿ ಏರಲಿಲ್ಲ. ಅದೇ ಹೆಚ್ಚು ನೋಯಿಸಿತು. "ಎರಡು ವಾರ ನಂಗೆ ನಿದ್ದೆ ಬಂದಿಲ್ಲ."

"ಗೊತ್ತು."

"ಇದನ್ನ ನೀವು ಸರಿಯಾಗಿ ನೋಡಿದೀರಾ?"

"ಇಲ್ಲ."

"ನೋಡಿ. ಅವರ ಕಣ್ಣು ಎಲ್ಲಿದೆ?"

ನೋಡಿದಳು. ದಂತವೈದ್ಯೆಯ ಕಣ್ಣು ಎದುರಿಗೆ ಕೂತವನ ಮೇಲಿರಲಿಲ್ಲ. ಅವನ ಭುಜವನ್ನು ದಾಟಿ ನೇರವಾಗಿ ಲೆನ್ಸಿನೊಳಗೆ ಬಂದಿತ್ತು. ಅಂದರೆ ತನ್ನ ಮೇಲೆ. ಗುಟ್ಟೊಂದು ಸಿಕ್ಕವರ ಕಣ್ಣು, ತುಂಟತನ ತುಂಬಿ ತುಳುಕುವ ಕಣ್ಣು.

"ಅವರು ಕೇಳಿದ್ರು, 'ಎಲ್ಲರ ಮಾತೂ ಇಷ್ಟು ಹೊತ್ತು ಕೇಳ್ತೀರಲ್ಲ, ನಿಮ್ಮ ಮಾತು ಕೇಳೋರು ಯಾರಾದ್ರೂ ಇದಾರಾ' ಅಂತ," ಎಂದ ಅವನು. ಮತ್ತೆ ಸುಮ್ಮನಾದ. ಈ ಸಲ ಅದು ಕೇಳುವವನ ಮೌನವಲ್ಲ, ಹೆದರಿದವನ ಮೌನ. ಅವಳು ಅದನ್ನು ತುಂಬಲು ಹೋಗಲಿಲ್ಲ. ಕಾದಳು.

"ಇದಾರೆ, ಹಿಂದೆ ನಿಂತಿದಾರೆ, ಎರಡು ವರ್ಷದಿಂದ ಹೇಳೋಕೆ ಬಾಯಿ ಬಂದಿಲ್ಲ, ಅಂದೆ."

"ಮತ್ತೆ ನೀವು ನಕ್ಕಿದ್ದು?"

"ಅದು ನಗು ಅಲ್ಲ. ಎಲ್ಲಿ ಕೇಳಿಸಿಬಿಡ್ತೋ ಅಂತ ಭಯ."

ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು. "ಹಾಗಾದ್ರೆ ದಿನ ಬಿಟ್ಟು ದಿನ ಅಲ್ಲಿ ಹೋಗಿ ಏನ್ ಮಾತಾಡ್ತಿದ್ರಿ?"

"ಅವರು ಬೈತಿದ್ರು. ಹೇಳಿದ್ರಾ, ಇನ್ನೂ ಹೇಳಿಲ್ವಾ ಅಂತ. ಹಲ್ಲು ಕೀಳೋದಕ್ಕಿಂತ ಸುಲಭ ಅಂತಾನೂ ಅಂದ್ರು." ಅವನು ಅವಳ ಕಡೆ ತಿರುಗಿದ. ಅಷ್ಟು ಹತ್ತಿರದಿಂದ, ಎದುರಿನಿಂದ, ಅವನ ಮುಖವನ್ನು ಅವಳು ನೋಡಿರಲೇ ಇಲ್ಲ. ಎಡಗಣ್ಣಿನ ಕೆಳಗೆ ಸಣ್ಣ ಗೆರೆಯೊಂದಿತ್ತು. "ಅವರಿಗೆ ನೀನೇ ಹೇಳ್ಬೇಕು, ಫೋಟೋ ವಿಷಯ."

ನೀನೇ ಎಂದಿದ್ದ. ಹೇಳಿದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ.

ಫೋನು ಎರಡು ಸಲ ಬಡಿಯುವಷ್ಟರಲ್ಲಿ ದಂತವೈದ್ಯೆ ಎತ್ತಿದಳು. ಇವಳು ಒಂದೂ ಬಿಡದೆ ಹೇಳಿದಳು.

"ಎರಡು ವಾರ ನನ್ನ ಮುಖದಲ್ಲೇ ಏನೋ ಕೊರತೆ ಇದೆ ಅಂದ್ಕೊಂಡಿದ್ದೆ ಕಣಮ್ಮ," ಎಂದಳು ಆಕೆ. ದನಿಯಲ್ಲಿ ತಮಾಷೆ ಇರಲಿಲ್ಲ. "ಕನ್ನಡಿ ಮುಂದೆ ನಿಂತು ನಗೋದು ಪ್ರಾಕ್ಟೀಸ್ ಮಾಡ್ದೆ, ಈ ವಯಸ್ಸಲ್ಲಿ."

"ಕ್ಷಮಿಸಿ. ಅದಕ್ಕೆ ಬೇರೆ ಮಾತು ನನ್ನ ಹತ್ರ ಇಲ್ಲ."

"ಇರೋಕೂ ಕೂಡದು. ಸಂಜೆಯೊಳಗೆ ಆ ಫೋಟೋ ಹಾಕಿ. ಹೊಸದಾಗಿ ಬರೆಯೋಕೂ ಹೇಳಿ ಅವರಿಗೆ." ಒಂದು ಕ್ಷಣ ಬಿಟ್ಟು ಕೇಳಿದಳು, "ಅಂದಹಾಗೆ, ಹೇಳಿದ್ರಾ?"

"ಹೇಳಿದ್ರು."

"ಸದ್ಯ," ಎಂದು ಆಕೆ ಫೋನಿಟ್ಟಳು. ಕೋಪ ಪೂರ್ತಿ ಇಳಿದಿರಲಿಲ್ಲ.

ಇಬ್ಬರೂ ಒಂದೇ ಪರದೆಯ ಮುಂದೆ ಕುರ್ಚಿ ಎಳೆದುಕೊಂಡರು. ಅವನು ಬರೆದ, ಅವಳು ಓದಿದಳು; ಈ ಮಾತು ಜಾಸ್ತಿ ಎಂದಳು, ಅವನು ಅಳಿಸಿದ. ಅವರ ಮೊಣಕೈಗಳು ತಾಗಿದವು, ಇಬ್ಬರೂ ಸರಿಸಿಕೊಳ್ಳಲಿಲ್ಲ. ಬಿಸಿಲು ಕಿಟಕಿಯಿಂದ ಇಳಿಯುವ ಮೊದಲೇ ಪ್ರೊಫೈಲ್ ಬದಲಾಯಿತು. ಹತ್ತು ನಿಮಿಷದಲ್ಲಿ ಮೂರು ಜನ ವಿಚಾರಿಸಿದರು. ಸೋದರತ್ತೆ ಅವರಲ್ಲಿರಲಿಲ್ಲ.

ಅವನು ಪೆನ್ನುಗಳನ್ನು ಒಂದೊಂದಾಗಿ ಡ್ರಾಯರಿಗೆ ಹಾಕುತ್ತಿದ್ದ. ಅವಳು ಲೆನ್ಸ್ ಒರೆಸುತ್ತ ಕೇಳಿದಳು, "ನಾಳೆ ಯಾರು ಬರೋದು?"

"ವಕೀಲರು."

"ಗಂಡಸಾ, ಹೆಂಗಸಾ?"

"ಹೆಂಗಸು." ಅವನು ಅವಳ ಮುಖ ನೋಡುತ್ತಲೇ ಇದ್ದ, ತುಟಿಯಂಚು ಸ್ವಲ್ಪ ಸಡಿಲವಾಗಿತ್ತು. "ಅರವತ್ತೆರಡು ವರ್ಷ. ಮೂರು ಮೊಮ್ಮಕ್ಕಳು."

ಅವಳು ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದಳು. ಕಲೆ ಏನೂ ಇರಲಿಲ್ಲ, ಆದರೂ ಇನ್ನೊಮ್ಮೆ ಒರೆಸಿದಳು.

"ಆದ್ರೂ," ಎಂದಳು, "ಸ್ವಲ್ಪ ಕಡಿಮೆ ಹೊತ್ತು ಸುಮ್ನಿರು."